ಬೇಲಿಯಾಚೆಯ ಕ್ಯಾಪ್ಟನ್

ವಿಮಾನದ ಮೆಟ್ಟಿಲ ನಡುಮಧ್ಯೆ ವಿಂಕೊನ ಕಾಲು ನಿಂತೇಹೋಯಿತು. ಹಿಂದೆ ಸಾಲಾಗಿ ಜನ. ಮೇಲೆ ಬಾಗಿಲಲ್ಲಿ ಹೆಂಡತಿ ಯಾಗೊಡಾ ಹೊಸ ಟೋಪಿ ಹಾಕಿಕೊಂಡು ತಿರುಗಿ ನೋಡುತ್ತಿದ್ದಳು.

"ಏನಾಯ್ತು? ಹತ್ತು."

"ಒಂದ್ನಿಮಿಷ ಇರು. ಎಂಜಿನ್ ನೋಡ್ತಿದೀನಿ."

"ಇಷ್ಟು ವರ್ಷ ನೋಡಿದ್ದು ಸಾಲ್ಲಿಲ್ವಾ?"

ಅವಳು ಹೇಳಿದ್ದು ಸುಳ್ಳಲ್ಲ. ಸಕ್ಕರೆ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ವಿಂಕೊ ತನ್ನೂರು ಓಸಿಯೆಕ್‌ನ ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡೇ ಇದ್ದ. ಅಲ್ಲಿಗೆ ಬರುವುದೇ ಬೆರಳೆಣಿಕೆಯ ವಿಮಾನಗಳು. ಒಂದೊಂದೂ ಅವನಿಗೆ ನೆಂಟರಿದ್ದ ಹಾಗೆ. ಝಾಗ್ರೆಬಿನದು ಯಾವಾಗ, ಸ್ಪ್ಲಿಟ್‌ನದು ಯಾವಾಗ, ಬೇಸಿಗೆಯಲ್ಲಿ ಜರ್ಮನಿಯಿಂದ ಬರುವ ದೊಡ್ಡದು ಯಾವ ಕಡೆಯಿಂದ ಇಳಿಯುತ್ತದೆ, ಎದುರುಗಾಳಿ ಇದ್ದರೆ ಯಾಕೆ ಒಳ್ಳೆಯದು, ಎಲ್ಲವನ್ನೂ ಕಾಫಿ ಅಂಗಡಿಯಲ್ಲಿ ಕೈಯನ್ನೇ ರೆಕ್ಕೆ ಮಾಡಿ ತೋರಿಸುತ್ತಿದ್ದ. ಜನ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಕ್ಯಾಪ್ಟನ್ ಒಂದು ಸಲವೂ ವಿಮಾನ ಹತ್ತಿದವನಲ್ಲ ಎಂಬುದು ಗೊತ್ತಿದ್ದದ್ದು ಯಾಗೊಡಾಗೆ ಮಾತ್ರ. ಸ್ಪ್ಲಿಟ್‌ನಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗಳ ಜ್ಞಾನಸ್ನಾನ. ಅವನನ್ನು ಕೇಳದೆ ಎರಡು ಟಿಕೆಟ್ ತೆಗೆಸಿದವಳೂ ಅವಳೇ.

ಹಿಂದೆ ನಿಂತಿದ್ದ ಕಾಫಿ ಅಂಗಡಿಯ ಬೋಝೊ ಕೂಗಿದ. "ಏನ್ ಕ್ಯಾಪ್ಟನ್, ಇವತ್ತು ನೀವೇ ಓಡಿಸ್ತೀರಾ? ಬೇಗ ಹೊರಡಿಸಿ ಸ್ವಾಮಿ!"

ಸಾಲೆಲ್ಲ ನಕ್ಕಿತು. ವಿಂಕೊನೂ ನಕ್ಕ. ನಗುತ್ತಲೇ ಒಂದು ಮೆಟ್ಟಿಲು ಕೆಳಗಿಳಿದ. ಕೈಯಲ್ಲಿದ್ದ ಕೂಲೆನ್ ಎಂಬ ಹಂದಿಮಾಂಸದ ಸಾಸೇಜಿನ ಗಂಟನ್ನು ಬೋಝೊನ ಕೈಗಿಟ್ಟ.

"ಇದನ್ನ ಯಾಗೊಡಾಗೆ ಕೊಡಪ್ಪ. ಕ್ಯಾಪ್ಟನ್‌ಗೆ ವಿಮಾನ ಅಂದ್ರೆ ಭಯ. ವಾಪಸ್ ಬಂದ್ಮೇಲೆ ಊರಲ್ಲೂ ನೀನೇ ಹೇಳಿಬಿಡು. ಎಲ್ಲರ ಮುಂದೆ ಹೇಳ್ಕೊಂಡು ಬರೋಕೆ ನಂಗೆ ಪುರುಸೊತ್ತಿಲ್ಲ."

ಯಾರೂ ನಗಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಇಳಿಯುವಾಗ, ಯಾಗೊಡಾ ತನ್ನ ಹಿಂದೆಯೇ ಬಂದಾಳೆಂಬ ಸಣ್ಣ ಆಸೆ ಇತ್ತು ಅವನಿಗೆ. ಅವಳು ಮೇಲಿನಿಂದಲೇ, "ಬಸ್ಸಲ್ಲಾದ್ರೂ ಬಾ! ಅದಕ್ಕೆ ರೆಕ್ಕೆ ಇರಲ್ಲ!" ಎಂದು ಕೂಗಿ ಒಳಗೆ ಹೋದಳು.

ಎಲ್ಲಿಗೆ ಹೋಗುವುದೆಂದು ತಿಳಿಯದೆ ವಿಂಕೊ ಬೇಲಿಯ ಬಳಿಗೇ ಹೋಗಿ ನಿಂತ. ವಿಮಾನ ಓಡಿತು, ಎದ್ದಿತು. ಗಾಳಿ ಯಾವ ಕಡೆಯದು, ಚಕ್ರ ಯಾವಾಗ ಮಡಚಿಕೊಂಡಿತು, ಒಂದನ್ನೂ ಅವನು ನೋಡಲಿಲ್ಲ. ಇಂಥ ಭದ್ರವಾದ ವಿಮಾನ ಇನ್ನೊಂದಿಲ್ಲ ಎಂದು ಊರಿಗೆಲ್ಲ ತಾನೇ ಸಾರಿದ್ದ ಅದು ಈಗ ಮೊಳೆ ಹೊಡೆದ ತಗಡಿನ ಡಬ್ಬಿಯಂತೆ ಕಂಡಿತು. ಅದರೊಳಗೆ ಯಾವುದೋ ಒಂದು ಕಿಟಕಿಯ ಹಿಂದೆ ಯಾಗೊಡಾ. ಅದು ಮೋಡದಲ್ಲಿ ಮರೆಯಾದ ಮೇಲೂ ಅವನು ಬೇಲಿಯ ತಂತಿ ಬಿಡಲಿಲ್ಲ.

ಅವನು ಹತ್ತಿದ ಸ್ಪ್ಲಿಟ್‌ನ ಬಸ್ಸು ಊರು ದಾಟುವಷ್ಟರಲ್ಲಿ ಯಾಗೊಡಾಳ ಫೋನ್ ಬಂತು.

"ತಲುಪಿದೆ. ಒಂಚೂರೂ ಕುಲುಕಲಿಲ್ಲ. ನಿನ್ನ ಸೀಟಲ್ಲಿ ಕೂಲೆನ್ ಕೂತ್ಕೊಂಡು ಬಂತು. ಪಾಪ, ಅದು ಹೆದರಲೇ ಇಲ್ಲ."

"ಅದಕ್ಕೆ ಇನ್ನೇನಾಗಬೇಕಿತ್ತು? ಆ ಹಂದೀನ ಆಗಲೇ ಕಡಿದು ಆಗಿತ್ತಲ್ಲ."

ಅವಳು ನಕ್ಕಳು. 

"ಬೇಲಿ ಹತ್ರ ನಿಂತಿದ್ದೆಯಲ್ಲ, ಕಿಟಕಿಯಿಂದ ಕಾಣ್ತು. ಮೇಲಿಂದ ನೀನು ಎಷ್ಟು ಸಣ್ಣಗೆ ಕಾಣ್ತೀಯ ಗೊತ್ತಾ, ವಿಂಕೊ?"

"ಕೆಳಗಿಂದ ನೋಡಿದ್ರೂ ನಾನು ಅಷ್ಟೇ ಕಣೇ," ಎಂದ ವಿಂಕೊ.