ಆರನೆಯ ಸರದಿ

ಎದುರಾಳಿ ತಂಡದ ಮ್ಯಾನೇಜರ್ ಹಿಂಜೇಬಿನಿಂದ ಚೀಟಿಯೊಂದನ್ನು ತೆಗೆದು ಅಂಪೈರ್ ಕಡೆ ನಡೆದಾಗ ಲೆಸ್ಟರ್ ಪ್ರೊಹಾಸ್ಕಾ ಇನ್ನೂ ಒಂದನೇ ಬೇಸಿನ ಮೇಲೆ ಕುಣಿಯುತ್ತಿದ್ದ. 1952ರ ಆ ಆಗಸ್ಟಿನಲ್ಲಿ ಅವನ ಬೇಸ್‌ಬಾಲ್ ತಂಡ ಸತತ ಹದಿನಾಲ್ಕು ಪಂದ್ಯ ಸೋತಿತ್ತು. ಈಗ ಕೊನೆಯ ಇನ್ನಿಂಗ್ಸಿನಲ್ಲಿ ಅವನ ಹೊಡೆತಕ್ಕೆ ಇಬ್ಬರು ಓಡಿಬಂದು ಗೆಲ್ಲಿಸಿದ್ದರು. "ಇವತ್ತೂ ಹೊಡೀಲಿಲ್ಲ ಅಂದ್ರೆ ನಾಳೆ ಕೆಳಗಿನ ಲೀಗಿಗೆ ಬಸ್ ಹತ್ತು" ಎಂದು ಅವನ ಮ್ಯಾನೇಜರ್ ಡಾಬ್ಸನ್ ಬೆಳಿಗ್ಗೆಯೇ ಹೇಳಿದ್ದ.

ಅಂಪೈರ್ ಆ ಚೀಟಿಯನ್ನು ತನ್ನ ಬಳಿಯಿದ್ದ ಪ್ರತಿಯ ಪಕ್ಕ ಹಿಡಿದು ಎರಡು ಸಲ ಓದಿದ. "ಈ ಹೊಡೆತ ಲೆಕ್ಕಕ್ಕಿಲ್ಲ ಕಣಪ್ಪ. ನಿಮ್ಮವರು ನಂಗೆ ಕೊಟ್ಟ ಬ್ಯಾಟಿಂಗ್ ಪಟ್ಟೀಲಿ ಆರನೆಯವನು ಮರ್ಫಿ, ನೀನು ಏಳನೆಯವನು. ಅವನ ಸರದೀಲಿ ನೀನು ಆಡಿದ್ದೀಯ. ನಿಯಮದ ಪ್ರಕಾರ ಅವನು ಔಟ್, ಅಲ್ಲಿಗೆ ನಿಮ್ಮ ಮೂರನೇ ಔಟ್. ಆಟ ಮುಗೀತು."

"ಗೆದ್ದ ಮೇಲೂ ಸೋಲೋದನ್ನ ನಿಮ್ಮಿಂದ್ಲೇ ಕಲೀಬೇಕು ಕಣ್ರೋ!" ಗ್ಯಾಲರಿಯಿಂದ ಯಾರೋ ಕೂಗಿದರು. ಕೂರುವ ದಿಂಬುಗಳು ಮೈದಾನಕ್ಕೆ ಹಾರಿ ಬಿದ್ದವು. ಲೆಸ್ಟರ್ ಡಾಬ್ಸನ್‌ನತ್ತ ನುಗ್ಗಿದ. "ನಮ್ಮ ಗೋಡೆ ಮೇಲಿರೋ ಪಟ್ಟೀಲಿ ನಾನೇ ಆರನೆಯವನು! ಯಾವ ಕತ್ತೆ ಬರೆದಿದ್ದು ಸ್ಕಿಪ್ಪರ್, ಅಂಪೈರ್ ಚೀಟೀನ?"

ಡಾಬ್ಸನ್ ಅಂಪೈರ್ ಕೈಯಿಂದ ಆ ಚೀಟಿಯನ್ನು ಇಸಿದುಕೊಂಡು ಲೆಸ್ಟರನ ಕೈಗಿಟ್ಟ. ಸೋಲಿನ ಶನಿ ಬಿಡಲೆಂದು ಬೆಳಿಗ್ಗೆ ಡಾಬ್ಸನ್ ಒಂಬತ್ತು ಹೆಸರುಗಳನ್ನು ಟೋಪಿಯೊಳಗೆ ಹಾಕಿ, ಕಣ್ಣು ಮುಚ್ಚಿ ಒಂದೊಂದನ್ನೇ ಎತ್ತಿದ್ದ. ಗೋಡೆಗೊಂದು, ಅಂಪೈರಿಗೊಂದು, ಎದುರಾಳಿಗೊಂದು ಪ್ರತಿ ಬರೆಯಲು ಅಕ್ಷರ ಚೆನ್ನಾಗಿರುವವನೊಬ್ಬನನ್ನು ಕರೆದಿದ್ದ. ಚೀಟಿಯ ಮೇಲೆ ಮರ್ಫಿಯ ಹೆಸರು, ಅದರ ಕೆಳಗೆ ಪ್ರೊಹಾಸ್ಕಾ, ಎರಡೂ ಲೆಸ್ಟರನ ಕೈಬರಹದಲ್ಲೇ, ಮುತ್ತು ಪೋಣಿಸಿದಂತಿದ್ದವು.