ಭಂಡಾರ ಮುಟ್ಟಿದ ಐವರು

ಬಸಲಿಂಗಪ್ಪ ಮುಖಕ್ಕೆ ಟವೆಲ್ ಸುತ್ತಿಕೊಂಡು ಖಾನಾಪುರ ಸ್ಟೇಷನ್ನಿನಲ್ಲಿ ಕೊನೆಯ ಡಬ್ಬಿ ಹತ್ತಿದ. ಮುಖ ಮುಚ್ಚಿತು, ಹೊಟ್ಟೆ ಮುಚ್ಚಲಿಲ್ಲ. ಆ ಹೊಟ್ಟೆ ತಾಲೂಕಿಗೆಲ್ಲ ಗುರುತು. ಓಣಿಯ ಮೂಲೆಯಲ್ಲಿ ಮೊದಲು ಅದು ತಿರುಗುತ್ತದೆ, ಚಹಾ ಕುಡಿದು ಮುಗಿಸುವಷ್ಟು ಹೊತ್ತಿಗೆ ಹಿಂದಿನಿಂದ ಬಸಲಿಂಗಪ್ಪ ಬರುತ್ತಾನೆ.

ಅವನು ಹೊರಟಿದ್ದು ಆಣೆ ಮುರಿಯಲು.

ಅವನೂ ಸೇರಿ ಊರಲ್ಲಿ ಹಂಚಿನ ಭಟ್ಟಿಯವರು ಐವರು. ಐವರೂ ಒಂದೇ ತಾಟಿನಲ್ಲಿ ಉಂಡವರು. ಸಾಲೆಯ ಮಾಡಿಗೆ ಹಂಚು ಬೇಕೆಂದು ಸರಕಾರ ಟೆಂಡರ್ ಕರೆದರೆ, ಈ ಸಲ ಯಾರ ಪಾಳಿ ಎಂದು ಮೊದಲೇ ಮಾತಾಗುತ್ತಿತ್ತು. ಪಾಳಿಯವನು ಮನಸ್ಸಿಗೆ ಬಂದ ದರ ಬರೆಯುತ್ತಿದ್ದ, ಉಳಿದ ನಾಲ್ವರು ಬೇಕೆಂದೇ ಅದಕ್ಕಿಂತ ಮೇಲೆ ಬರೆಯುತ್ತಿದ್ದರು. ಇದು ತಪ್ಪೆಂದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಹನ್ನೆರಡು ವರ್ಷ ಜಗಳವಿಲ್ಲದೆ ಧಂದೆ ಮಾಡಿದರೆಂದು ಮಠದ ಸ್ವಾಮಿಗಳು ಐವರಿಗೂ ಶಾಲು ಹೊದಿಸಿದ್ದರು.

ಕೆಡಿಸಿದ್ದು ಜಿಪುಣತನ. ಐದು ಕಡೆ ರೊಕ್ಕ ಕೊಡುವುದೇಕೆ ಎಂದು ಐದೂ ಟೆಂಡರ್ ಅರ್ಜಿಗಳನ್ನು ತಮ್ಮಲ್ಲೊಬ್ಬನಾದ ಬೀರೇಶನ ಮನೆಯ ಒಂದೇ ಕಂಪ್ಯೂಟರಿನಲ್ಲಿ ತುಂಬಿಸಿದ್ದರು. ದಿಲ್ಲಿಯ ಸ್ಪರ್ಧಾ ಆಯೋಗದವರಿಗೆ ಅಷ್ಟು ಸಾಕಾಯಿತು. ಪೈಪೋಟಿ ಮಾಡಬೇಕಾದವರು ಕೂಡಿಕೊಂಡು ದರ ಕಟ್ಟಿದ್ದೀರಿ ಎಂದು ಐವರಿಗೂ ನೋಟೀಸು ಬಂತು. ದಂಡ ಬಿದ್ದರೆ ಅಪ್ಪ ಕಟ್ಟಿದ ಭಟ್ಟಿ ಮಾರಿ, ಮನೆ ಮಾರಿ, ಉಟ್ಟ ಧೋತರ ಬಿಚ್ಚಿ ಕೊಟ್ಟರೂ ಸಾಲದು.

ಅಂದೇ ಐವರೂ ಕೂಡಿದರು. ಬೀರೇಶ ತನ್ನ ಮನೆದೇವರ ಭಂಡಾರ ತಂದಿಟ್ಟ. ಆ ಅರಿಷಿಣ ಮುಟ್ಟಿ ಆಡಿದ ಮಾತು ತಪ್ಪಿದವನ ವಂಶ ಉಳಿಯುವುದಿಲ್ಲವೆಂದು ಆ ಕಡೆ ಕೂಸಿಗೂ ಗೊತ್ತು. ಯಾರೇ ಬಂದು ಕೇಳಿದರೂ ಒಬ್ಬರೂ ಒಪ್ಪಿಕೊಳ್ಳಬಾರದೆಂದು ಮಾತಾಯಿತು. ಕಲಂದರ ಸಾಹೇಬನೂ ಪೀರರನ್ನು ನೆನೆದು ಬೆರಳು ಅದ್ದಿದ. ಗಂಡ ಸತ್ತ ಮೇಲೆ ತಾನೇ ಭಟ್ಟಿ ನಡೆಸುವ ಮಾಯವ್ವ ಹಣೆತುಂಬ ಬಳಿದುಕೊಂಡು, “ಬಾಯಿ ಬಿಟ್ಟವರ ಮನಿ ಹಾಳಾಗ್ಲಿ” ಎಂದಳು. ಎಲ್ಲರಿಗಿಂತ ಜೋರಾಗಿ ಹೂಂ ಅಂದವನು ಬಸಲಿಂಗಪ್ಪ.

ಮರುದಿನ ಬೆಳಗಾವಿಯ ವಕೀಲೆ ಪೂರ್ಣಿಮಾ ಫೋನಿನಲ್ಲಿ ಅವನಿಗೆ ಕಾಯಿದೆ ತಿಳಿಸಿದಳು. ಎಲ್ಲರಿಗಿಂತ ಮೊದಲು ಹೋಗಿ ಒಪ್ಪಿಕೊಂಡು, ಉಳಿದವರದನ್ನೂ ಬಿಚ್ಚಿಟ್ಟವನಿಗೆ ದಂಡ ಪೂರಾ ಮಾಫಿ ಆಗಬಹುದು. ಎರಡನೆಯವನಿಗೆ ಅರ್ಧ. ಮೂರನೆಯವನಿಗೆ ಇನ್ನೂ ಕಡಿಮೆ. ಆಮೇಲೆ ಬಂದವನಿಗೆ ಏನೂ ಇಲ್ಲ. ಎರಡು ದಿನ ಬಸಲಿಂಗಪ್ಪನಿಗೆ ರೊಟ್ಟಿ ಇಳಿಯಲಿಲ್ಲ. ಎಂಟು ರೊಟ್ಟಿ ತಿನ್ನುವವನು ಆರಕ್ಕೇ ಎದ್ದ. ಹೆಂಡತಿ ರೇಣವ್ವ ಡಾಕ್ಟರನ್ನು ಕರೆಸಲೇ ಅಂದಳು.

ಮೂರನೆಯ ದಿನ ಬೆಳಗಾವಿಗೆ ಈ ರೈಲು. ದೇಸೂರಿನಲ್ಲಿ ಗಾಡಿ ನಿಂತಾಗ ಅದೇ ಡಬ್ಬಿಗೆ ಹತ್ತಿದವನು ಕಲಂದರ ಸಾಹೇಬ. ಬಸಲಿಂಗಪ್ಪ ಟವೆಲ್ ಇನ್ನಷ್ಟು ಬಿಗಿದುಕೊಂಡ. ಖಾನಾಪುರದ ಮನುಷ್ಯ ದೇಸೂರಿಗೆ ಬಂದು ಗಾಡಿ ಹತ್ತುವುದೇಕೆ ಎಂದು ಕೇಳುವ ಧೈರ್ಯ ಎಲ್ಲಿಂದ ಬರಬೇಕು?

“ಎಲ್ಲಿಗ್ರಿ ಬಸಣ್ಣಾರ?”

“ಕಣ್ಣು ತೋರಿಸಾಕ. ನೀವು?”

“ಹಲ್ಲು” ಎಂದ ಕಲಂದರ, ಬಲಗೆನ್ನೆ ಒತ್ತಿಕೊಂಡ. ಸ್ವಲ್ಪ ಹೊತ್ತಿಗೆ ಎಡಗೆನ್ನೆ ಒತ್ತಿಕೊಂಡ. ಬೆಳಗಾವಿ ಬರುವವರೆಗೆ ಇಬ್ಬರೂ ಕಿಟಕಿಯಾಚೆ ನೋಡಿದ್ದೇ ನೋಡಿದ್ದು, ಆ ಹೊಲಗಳನ್ನು ಅಂದೇ ಮೊದಲು ಕಂಡವರಂತೆ.

ಅಲ್ಲಿಯ ಟಿಳಕವಾಡಿ ಬಡಾವಣೆಯಲ್ಲಿ ವಕೀಲರ ಬೋರ್ಡುಗಳೇ ತುಂಬಿದ ಕಟ್ಟಡದ ಮೆಟ್ಟಿಲಲ್ಲಿ ಮಾಯವ್ವ ಎದುರಾದಳು. ತಲೆಯ ಮೇಲಿನ ಸೆರಗು ಮೂಗಿನ ತನಕ ಇಳಿದಿತ್ತು. ಮನೆಗೆ ಕುಂದಾ ಮಿಠಾಯಿ ಒಯ್ಯಲು ಬಂದಿದ್ದಳಂತೆ. ಕೈ ಬರಿದಾಗಿತ್ತು. ನನ್ನ ಬೆನ್ನು ಹತ್ತಿಯೇ ಬಂದಿದ್ದಾಳೆ ಎಂದುಕೊಂಡ ಬಸಲಿಂಗಪ್ಪ. ಕಣ್ಣಿನ ಡಾಕ್ಟರನ್ನು ಹುಡುಕುತ್ತಿದ್ದೇನೆ ಎಂದು ತೊದಲಿದ.

“ತೋರಿಸ್ಕೊ ಬಸಣ್ಣಾ” ಎಂದಳು ಮಾಯವ್ವ. “ಈ ವಯಸ್ಸಿನ್ಯಾಗ ಬಾಜುಕಿದ್ದ ಮಂದಿನೂ ನೆಟ್ಟಗ ಕಾಣೂದಿಲ್ಲ.”

ಅವಳು ಹೋದ ಮೇಲೆ ಅವನು ಗೋಡೆಗೆ ಆತು ಬೀರೇಶನಿಗೆ ಫೋನ್ ಹಚ್ಚಿದ. ಬೀರೇಶ ಎತ್ತಿದರೆ ಹಿಂದಿರುಗಿ ಹೋಗುವುದೆಂದು ಮನಸ್ಸು ಮಾಡಿದ್ದ. ಫೋನ್ ಸ್ವಿಚ್ ಆಫ್ ಆಗಿತ್ತು. ಐದನೆಯ ಭಟ್ಟಿಯ ಚೇತನನಿಗೆ ಹಚ್ಚಿದ. ಅವನು ಬೇರೆ ಯಾರೊಂದಿಗೋ ಮಾತಿನಲ್ಲಿದ್ದ. ಕಾಲು ತಾಸು ಬಿಟ್ಟು ಹಚ್ಚಿದರೂ ಅದೇ ಮಾತಿನಲ್ಲಿದ್ದ.

ಬಸಲಿಂಗಪ್ಪ ಮೇಲೆ ಹತ್ತಿದ. ಪೂರ್ಣಿಮಾಳ ಮುಂದೆ ನಾಲ್ಕೂ ಹೆಸರು ಹೇಳಿದ. ಹೇಳುತ್ತ ಅತ್ತ. ಅರ್ಜಿ ದಿಲ್ಲಿಗೆ ಹೋಗುತ್ತದೆ, ನಿಮ್ಮದು ಎಷ್ಟನೆಯದೆಂದು ಅಲ್ಲಿಂದ ತಿಳಿಸುತ್ತಾರೆ, ಅಲ್ಲಿಯವರೆಗೆ ಯಾರಿಗೂ ಸುಳಿವು ಕೊಡಬೇಡಿ ಎಂದು ಪೂರ್ಣಿಮಾ ಕಳಿಸಿದಳು.

ಆಮೇಲಿನ ಮೂರು ದಿನ ನರಕ. ಆ ನಾಲ್ವರು ಅಷ್ಟು ಒಳ್ಳೆಯವರೆಂದು ಅವನಿಗೆ ಗೊತ್ತೇ ಇರಲಿಲ್ಲ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಮಾಯವ್ವ ಹೋಳಿಗೆ ಕಳಿಸಿದಳು. ಚಹಾದಂಗಡಿಯಲ್ಲಿ ಅವನ ರೊಕ್ಕ ಕೊಡಲು ಕಲಂದರ, ಚೇತನ ಇಬ್ಬರೂ ಕೈ ಕೈ ಹಿಡಿದು ಜಗ್ಗಾಡಿದರು. ಬೀರೇಶನಂತೂ ದಾರಿಯಲ್ಲಿ ತಬ್ಬಿಕೊಂಡು ಕಣ್ಣೀರು ಹಾಕಿದ.

“ಏನಾದ್ರೂ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋ ಬಸಣ್ಣಾ.”

ಆ ಹೊಟ್ಟೆಯಲ್ಲಿ ಊರೇ ಹಿಡಿಸುತ್ತಿತ್ತು, ಆ ಮಾತು ಹಿಡಿಸಲಿಲ್ಲ. ಇಂಥವರನ್ನು ಮಾರಿಬಂದೆನಲ್ಲ ಎಂದು ಬಸಲಿಂಗಪ್ಪ ಭಟ್ಟಿಯ ಹಿಂದೆ ಕುಳಿತು ಹಣೆ ಹಣೆ ಬಡಿದುಕೊಂಡ. ತನ್ನ ಭಟ್ಟಿ ಉಳಿದರೆ ಆ ನಾಲ್ವರಿಗೂ ಅದರಲ್ಲೇ ಕೆಲಸ ಕೊಡುವುದು, ಮಾಯವ್ವನನ್ನು ಅಕ್ಕನಂತೆ ನೋಡಿಕೊಳ್ಳುವುದು ಎಂದು ನಿಶ್ಚಯಿಸಿ ಕಣ್ಣೊರೆಸಿಕೊಳ್ಳುವಾಗ ಫೋನ್ ಬಂತು.

ದಿಲ್ಲಿಯಿಂದ ಉತ್ತರ ಬಂದಿದೆ ಎಂದಳು ಪೂರ್ಣಿಮಾ.

“ಯಜಮಾನ್ರ, ನಿಮ್ಮದು ಐದನೇ ಅರ್ಜಿ ಅಂತ್ರಿ.”