ಕೈ ತೋರಿಸು

“ಎಲ್ಲಿ, ಕೈ ತೋರ್ಸು,” ಎಂದರು ಡಾಕ್ಟರ್ ಲಕ್ಷ್ಮೀಪತಿ. ಮನೆಗೆಲಸದ ಹಾಲಮ್ಮ ಎರಡೂ ಅಂಗೈ ಚಾಚಿದಳು. ಅವರು ಬಗ್ಗಿ ಮೂಸಿದರು. ಸೀಮೆಎಣ್ಣೆಯ ವಾಸನೆ ಇರಲಿಲ್ಲ. ಪಾತ್ರೆ ತಿಕ್ಕಿದ ಹುಣಸೆಹಣ್ಣಿನ ವಾಸನೆಯಿತ್ತು. ಆದರೂ ಅನುಮಾನ ಹೋಗಲಿಲ್ಲ. ಬೀರೂರಿನ ಜನ ಬಂದು ಬಂದು ನೋಡಿಹೋಗುವ ಫ್ರಿಜ್ಜು ಅದು. ಕೆಳಗೆ ಸೀಮೆಎಣ್ಣೆ ದೀಪ ಉರಿದರೆ ಮೇಲಿನ ಟ್ರೇಯಲ್ಲಿ ಐಸಾಗಬೇಕು. ಮೂರು ದಿನದಿಂದ ನೀರು ನೀರಾಗಿಯೇ ಇತ್ತು.

“ಎಣ್ಣೆ ಕದ್ದು ನೀರು ಬೆರೆಸಿರ್ತಾಳೆ ಕಣೋ,” ಎಂದರು ಬಾಗಿಲಲ್ಲಿ ನಿಂತಿದ್ದ ತಾಯಿ ಭಾಗೀರಥಮ್ಮ. “ಇಲ್ಲಾಂದ್ರೆ ಅವಳ ಕಣ್ಣೇ ಬಿದ್ದಿರ್ಬೇಕು. ದಿನಾ ಹೇಗೆ ನೋಡ್ತಾಳೆ ಅಂತೀಯ! ಮೊದ್ಲು ಕೆಲಸ ಬಿಡ್ಸು.”

ಡಾಕ್ಟರು ದೀಪವನ್ನು ಹೊರಗೆಳೆದು ನೋಡಿದರು. ಎಣ್ಣೆ ತುಂಬಿತ್ತು, ನೀರು ಬೆರೆತಿರಲಿಲ್ಲ, ಬತ್ತಿಯೂ ಸರಿಯಿತ್ತು. ಫ್ರಿಜ್ಜನ್ನು ಗೋಡೆಯಿಂದ ಸರಿಸಲು ಹೋದಾಗ, “ಅದನ್ನ ಯಾಕೋ ಅಲ್ಲಾಡಿಸ್ತೀಯ!” ಎಂದು ತಾಯಿ ಕೂಗಿದರು. ಡಾಕ್ಟರು ಸರಿಸಿಯೇಬಿಟ್ಟರು. ಹಿಂಬದಿಯಲ್ಲಿ ಹೊಗೆ ಹೋಗುವ ಕೊಳವೆಯ ಬಾಯಿಗೆ ದೇವರಮನೆಯ ಹಿತ್ತಾಳೆ ತಟ್ಟೆಯನ್ನು ಯಾರೋ ಕವುಚಿಟ್ಟಿದ್ದರು. ಎತ್ತಿ ನೋಡಿದರೆ ತಟ್ಟೆಯ ಒಳಗೆಲ್ಲ ಕಾಡಿಗೆ ಕಟ್ಟಿತ್ತು, ಅದರಲ್ಲಿ ಬೆರಳಾಡಿಸಿದ ಗೆರೆಗಳಿದ್ದವು. ಫ್ರಿಜ್ಜಿನ ಬಿಳಿ ಬೆನ್ನಿನ ಮೇಲೆ ಸಾಲಾಗಿ ಮೂರು ದೃಷ್ಟಿಬೊಟ್ಟುಗಳಿದ್ದವು.

“ಹೊಗೆಗೆ ದಾರಿ ಮುಚ್ಚಿದ್ರೆ ಐಸು ಎಲ್ಲಿಂದ ಆಗುತ್ತೆ?” ಎನ್ನುತ್ತ ಡಾಕ್ಟರು ತಿರುಗಿದರು. ಭಾಗೀರಥಮ್ಮನವರ ಬಲಗೈ ಆಗಲೇ ಸೆರಗಿನೊಳಗೆ ಸೇರಿಕೊಂಡಿತ್ತು.

ಹಾಲಮ್ಮ ಅಷ್ಟೂ ಹೊತ್ತು ಚಾಚಿಕೊಂಡೇ ಇದ್ದ ಕೈಗಳನ್ನು ಕೆಳಗಿಳಿಸಿದಳು.

“ಅಮ್ಮಾರೂ ಕೈ ತೋರಿಸ್ಬೇಕಾ, ಸ್ವಾಮಿ?”